ಐದು ಡಬ್ಬಿಗಳ ಸಾಕ್ಷಿ

ಅಕ್ಟೋಬರ್ 2

ಅಕ್ಕಾ,

ಕ್ಷೇಮ ಸಮಾಚಾರ ಕೊನೆಗಿರಲಿ, ಮೊದಲು ಜಂಬದ ಸಮಾಚಾರ. ಈ ಸುರಂಗದ ಕ್ಯಾಂಪಿನ ಮೆಸ್ಸಿಗೆ ಚಳಿಗಾಲದ ದಿನಸಿ ತರಿಸುವ ಕೆಲಸ ಈ ಸಲ ನನ್ನ ತಲೆಗೆ ಬಂತು. ನವೆಂಬರ್ ಕೊನೆಗೆ ಹಿಮ ಬಿದ್ದು ದಾರಿ ಮುಚ್ಚಿದರೆ ಮತ್ತೆ ತೆರೆಯುವುದು ಮಾರ್ಚಿಗೆ. ಅಲ್ಲಿಯವರೆಗೆ ಮುನ್ನೂರ ಹನ್ನೆರಡು ಹೊಟ್ಟೆಗಳು ನನ್ನ ಉಗ್ರಾಣವನ್ನೇ ನಂಬಿಕೊಂಡಿರಬೇಕು.

ಡಬ್ಬಿ ಬಟಾಣಿಗೆ ಎರಡು ಕಾರ್ಖಾನೆಗಳ ಕಾಗದ ಬಂದಿತ್ತು. ಒಂದರಲ್ಲಿ ಬಣ್ಣಬಣ್ಣದ ಚಿತ್ರ. ಇನ್ನೊಂದರಲ್ಲಿ ಚಿತ್ರ ಗಿತ್ರ ಏನಿಲ್ಲ, ಒಂದೇ ಸಾಲು: ‘ದೋಷ: ಇಲ್ಲ.’ ಕೆಳಗೆ ತಪಾಸಣೆ ಮಾಡಿದವರ ಸಹಿ. ಆ ಬಾಲ ಸುತ್ತಿದ ಸಹಿಯನ್ನು ಮರೆಯುವುದುಂಟೇ? ನನ್ನ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಹೆಸರಿನಲ್ಲಿ ನೀನು ಹಾಕುತ್ತಿದ್ದದ್ದೂ ಅದೇ ಬಾಲವಲ್ಲವೇ? ಎರಡು ಸಾವಿರದ ನಾನೂರು ಡಬ್ಬಿ ತರಿಸಿದೆ. ನಿನ್ನ ಕಾಗದವನ್ನು ಉಗ್ರಾಣದ ಬಾಗಿಲಿಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ ತೋರಿಸಿ, “ನಮ್ಮಕ್ಕ ನೋಡಿ ಕಳಿಸಿದ್ದು ಕಣ್ರೋ” ಅನ್ನುತ್ತೇನೆ.

ಉಳಿದಂತೆ ಇಲ್ಲಿ ಎಲ್ಲವೂ ಹೇಸಿಗೆ. ಮುನ್ನೂರು ಜನರ ಕಾಲುಚೀಲ ನನ್ನ ಒಲೆಯ ಬಿಸಿಗೇ ಒಣಗಬೇಕು. ಸಾರು ಕುದಿಯುತ್ತಿದೆಯೋ ಕಾಲುಚೀಲ ಕುದಿಯುತ್ತಿದೆಯೋ ಮೂಗಿಗೆ ತಿಳಿಯುವುದಿಲ್ಲ. ನೀನು ನೋಡಿದರೆ ವಾಂತಿ ಮಾಡಿಕೊಳ್ಳುತ್ತೀಯ. ನನಗೆ ಅಭ್ಯಾಸವಾಗಿದೆ.

ನಿನ್ನ ತಮ್ಮ


ಅಕ್ಟೋಬರ್ 11

ತಮ್ಮಾ,

ಜಂಬದ ಸಮಾಚಾರ ಓದಿದೆ. ಆ ಕಾಗದವನ್ನು ಬಾಗಿಲಿನಿಂದ ಕಿತ್ತು ಹಾಕು. ಸಹಿ ನೋಡಿ ಸಾಮಾನು ತರಿಸುವವನು ನೀನೊಬ್ಬನೇ ಇರಬೇಕು.

ಹೇಸಿಗೆ ನಿನ್ನ ಕಡೆ ಮಾತ್ರ ಇದೆ ಎಂದುಕೊಳ್ಳಬೇಡ. ಇಲ್ಲಿ ಬಟಾಣಿ ತೊಳೆದ ನೀರು ನೆಲದಲ್ಲೇ ಹರಿಯುತ್ತದೆ. ನೆಲ ಲೋಳೆಲೋಳೆ. ಮನೆಗೆ ಬಂದು ಎರಡು ಸಲ ಸೋಪು ಹಚ್ಚಿದರೂ ಕೈಯಿಂದ ಹುಳಿ ನಾತ ಹೋಗುವುದಿಲ್ಲ. ಅದನ್ನಾದರೂ ಸಹಿಸಬಹುದು. ಏಪ್ರಿಲಿನಲ್ಲಿ ಬಂದ ಹೊಸ ಮ್ಯಾನೇಜರನನ್ನು ಸಹಿಸಲಾಗುವುದಿಲ್ಲ. ನಮ್ಮ ಹೆಂಗಸರು ಅವನಿಗೆ ಅಗುಳಪ್ಪ ಎಂದು ಹೆಸರಿಟ್ಟಿದ್ದಾರೆ. ಯಾಕೆ ಗೊತ್ತೇ? ಮೊದಲು ಒಟ್ಟಿಗೆ ತಯಾರಾದ ಒಂದು ಲಾಟಿನಲ್ಲಿ ಇನ್ನೂರು ಡಬ್ಬಿ ತೆಗೆದು, ಮುಚ್ಚಳದ ಅಂಚು ಕತ್ತರಿಸಿ, ಒಳಗಿನದನ್ನು ಮೂಸಿ ನೋಡಿ ಬರೆಯುತ್ತಿದ್ದೆವು. ಇವನು ಬಂದ ಮೊದಲ ವಾರವೇ, “ಇನ್ನೂರು ಡಬ್ಬಿ ದಂಡ ಯಾಕಮ್ಮಾ? ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು. ನಾನು ಧಾರಾಳಿ, ಐದು ತಗೊಳ್ಳಿ!” ಎಂದ. ಹೇಳಿ ತಾನೇ ನಕ್ಕ. ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ನಗುತ್ತಾನೆ, ಆ ಕಡ್ಡಿಯನ್ನು ನನ್ನ ಮೇಜಿನ ಮೇಲೇ ಇಟ್ಟು ಹೋಗುತ್ತಾನೆ.

ಆ ಐದನ್ನಾದರೂ ಅಲ್ಲಲ್ಲಿ ಹುಡುಕಿ ತೆಗೆಯುತ್ತೇವೆಯೇ? ಇಲ್ಲ. ಮೆಕ್ಯಾನಿಕ್ ಮುಚ್ಚಳ ಬಿಗಿಯುವ ಯಂತ್ರ ಸರಿಮಾಡಿ ಹೋದ ಕೂಡಲೇ ಬರುವ ಮೊದಲ ಪೆಟ್ಟಿಗೆಯಿಂದ. ಮದುಮಗಳನ್ನು ಸಿಂಗಾರವಾದ ಮೇಲೆ ತೋರಿಸಿದಂತೆ.

ಸುಮ್ಮನೆ ನಗಲಿ ಎಂದು ಬರೆದೆ. ಒಂದು ಮಾತು: ಉಬ್ಬಿದ ಡಬ್ಬಿ ಕಂಡರೆ ತೆರೆಯಬೇಡ, ದೂರ ಎಸೆ. ಎಲ್ಲ ಡಬ್ಬಿಗೂ ಹೇಳುವ ಮಾತೇ ಇದು, ವಿಶೇಷವೇನಿಲ್ಲ.

ಅಕ್ಕ


ಅಕ್ಟೋಬರ್ 28

ಅಕ್ಕಾ,

ನಿನ್ನ ಅಗುಳಪ್ಪನ ಕಥೆಯನ್ನು ಮೆಸ್ಸಿನಲ್ಲಿ ಜೋರಾಗಿ ಓದಿದೆ. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಆದರೆ ಬೈಯಬೇಡ, ಈ ವಿಷಯದಲ್ಲಿ ನಾನು ಅವನ ಕಡೆ. ಐದರಲ್ಲಿ ಐದೂ ಚೆನ್ನಾಗಿದ್ದರೆ ನೂರಕ್ಕೆ ನೂರು ಚೆನ್ನಾಗಿದೆ ಎಂದೇ ಅಲ್ಲವೇ ಲೆಕ್ಕ? ನಾನೂ ಮುನ್ನೂರು ಜನರ ಅನ್ನಕ್ಕೆ ಒಂದಗುಳೇ ಹಿಸುಕುವುದು. ಇವತ್ತಿನವರೆಗೆ ಯಾರೂ ನನ್ನ ಮೇಲೆ ತಟ್ಟೆ ಎಸೆದಿಲ್ಲ. ನಿನಗೆ ಚಿಕ್ಕಂದಿನಿಂದಲೂ ಎಲ್ಲದಕ್ಕೂ ಅನುಮಾನ. ಕುದಿಸಿದ ಹಾಲನ್ನು ಮತ್ತೆ ಕುದಿಸುವವಳು ನೀನು.

ಈ ವರ್ಷ ಹಿಮ ಬೇಗ ಬೀಳುತ್ತದಂತೆ. ನವೆಂಬರ್ ಇಪ್ಪತ್ತೈದಕ್ಕೆ ಮುಚ್ಚುವ ದಾರಿ ಇಪ್ಪತ್ತಕ್ಕೇ ಮುಚ್ಚಬಹುದು.

ಇಲ್ಲಿಯ ವೆಲ್ಡರನ ವಿಷಯ ಹಿಂದೆಯೇ ಬರೆದಿದ್ದೆನಲ್ಲ, ನನ್ನ ಜೊತೆ ಇಸ್ಪೀಟು ಆಡುವವನು, ಸೋತರೆ ಮೂಗು ಕೆಂಪಾಗುವವನು. ಅವನಿಗೆ ನಿನ್ನೆಯಿಂದ ಹುಷಾರಿಲ್ಲ. ಬೆಳಿಗ್ಗೆ ಕಾಫಿ ಕೊಡಲು ಹೋದರೆ, “ಅಣ್ಣಾ, ನೀನು ಇಬ್ಬರಾಗಿ ಕಾಣ್ತಿದ್ದೀಯಲ್ಲ” ಎಂದ. “ಒಬ್ಬನನ್ನೇ ನಿನಗೆ ತಡ್ಕೊಳ್ಳೋಕಾಗಲ್ಲ, ಇಬ್ಬರಾ?” ಎಂದು ನಾನು ನಕ್ಕೆ. ನಾಲಿಗೆ ತೊದಲುತ್ತಿತ್ತು. ಕದ್ದು ಕುಡಿದಿದ್ದಾನೆ, ಸಂಶಯವೇ ಇಲ್ಲ. ಕಂಪೌಂಡರ್ ಹೊಟ್ಟೆಗೆ ಮಾತ್ರೆ ಕೊಟ್ಟಿದ್ದಾನೆ.

ನಿನ್ನ ಕಾಗದ ಬಾಗಿಲ ಮೇಲೆಯೇ ಇದೆ. ಕೀಳುವುದಿಲ್ಲ.

ನಿನ್ನ ತಮ್ಮ


ನವೆಂಬರ್ 5

ತಮ್ಮಾ,

ಈ ಕಾಗದ ಓದಿದ ಕೂಡಲೇ, ನಿಂತಲ್ಲಿಂದಲೇ, ವೆಲ್ಡರನನ್ನು ಗಾಡಿಗೆ ಹಾಕಿ ಕೆಳಗಿನ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸು. ಒಂದು ಎರಡಾಗಿ ಕಾಣುವುದು, ನಾಲಿಗೆ ತೊದಲುವುದು ಕುಡಿತವಲ್ಲ, ಹೊಟ್ಟೆ ಕೆಟ್ಟದ್ದೂ ಅಲ್ಲ. ಕೆಟ್ಟ ಡಬ್ಬಿಯ ವಿಷ ಹಾಗೆ ಮಾಡುತ್ತದೆ. ಡಬ್ಬಿಯಿಂದ ಏನನ್ನಾದರೂ ಕುದಿಸದೆ ತಿಂದನೇ ಎಂದು ಕೇಳು. ವೈದ್ಯರಿಗೆ ಮೊದಲು ಅದನ್ನೇ ಹೇಳು.

ಇನ್ನು ನಿನ್ನ ಲೆಕ್ಕ. ನೀನು ಅಡುಗೆಯವನಾಗಿ ಈ ಮಾತು ಬರೆದೆಯಲ್ಲ, ನನಗೆ ಮೈಯೆಲ್ಲ ಉರಿಯಿತು. ಅನ್ನ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ, ಒಂದೇ ಬೆಂಕಿಯ ಮೇಲೆ ಬೇಯುತ್ತದೆ. ಒಂದಗುಳಿಗೆ ಆದದ್ದು ಪಕ್ಕದ ಅಗುಳಿಗೂ ಆಗಿರುತ್ತದೆ. ಅನ್ನ ಬೆಂದಿದೆಯೇ ಎಂದು ಕೇಳಿದರೆ ಒಂದಗುಳು ಸಾಕು. ಅನ್ನದಲ್ಲಿ ಕಲ್ಲಿದೆಯೇ ಎಂದು ಕೇಳಿದರೆ ಒಂದಗುಳು ಹಿಸುಕಿ ಹೇಳುತ್ತೀಯಾ? ಕೆಟ್ಟ ಡಬ್ಬಿ ಎಂದರೆ ಕಲ್ಲು, ಬೇಯುವಿಕೆಯಲ್ಲ. ಒಂದು ಡಬ್ಬಿಗೆ ಪಕ್ಕದ ಡಬ್ಬಿಯ ಸುದ್ದಿ ಗೊತ್ತಿರುವುದಿಲ್ಲ.

ನೂರಕ್ಕೆ ಐದು ಡಬ್ಬಿ ಕೆಟ್ಟಿವೆ ಎಂದಿಟ್ಟುಕೋ. ಕಣ್ಣು ಮುಚ್ಚಿ ಐದು ತೆಗೆದರೆ ನಾಲ್ಕು ಸಲದಲ್ಲಿ ಮೂರು ಸಲ ಐದೂ ಒಳ್ಳೆಯವೇ ಸಿಗುತ್ತವೆ. ಅರುವತ್ತು ತೆಗೆದರೆ ಇಪ್ಪತ್ತು ಸಲದಲ್ಲಿ ಹತ್ತೊಂಬತ್ತು ಸಲ ಒಂದಾದರೂ ಕೆಟ್ಟದ್ದು ಕೈಗೆ ಬರುತ್ತದೆ. ಡಬ್ಬಿಗಳು ಅವೇ, ಕೆಟ್ಟದ್ದೂ ಅಷ್ಟೇ. ನಾವು ಎಷ್ಟು ನೋಡಿದೆವು ಎನ್ನುವುದಷ್ಟೇ ಬೇರೆ. ಐದು ನೋಡಿ ‘ದೋಷ ಸೊನ್ನೆ’ ಎನ್ನುವುದು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಇನ್ನೊಂದು ಹೇಳಬೇಕು. ನಾನು ಬರೆದುಕೊಟ್ಟದ್ದು ‘ಐದರಲ್ಲಿ ದೋಷ ಕಂಡಿಲ್ಲ’ ಎಂದು. ಅಗುಳಪ್ಪ ಟೈಪಿಸ್ಟಿಗೆ, “ಅಷ್ಟುದ್ದ ಯಾಕೆ? ‘ದೋಷ: ಇಲ್ಲ’ ಅಂತ ಹೊಡಿ, ಚೆನ್ನಾಗಿ ಕಾಣತ್ತೆ” ಎಂದ. ಕಂಡಿಲ್ಲ ಎನ್ನುವುದು ನನ್ನ ಕಣ್ಣಿನ ವಿಷಯ. ಇಲ್ಲ ಎನ್ನುವುದು ಡಬ್ಬಿಯ ವಿಷಯ. ನಾನು ಆ ಹಾಳೆಯನ್ನು ಓದಿದೆ. ಓದಿ ಸಹಿ ಹಾಕಿದೆ. ಏಳು ತಿಂಗಳಿಂದ ಹಾಕುತ್ತಿದ್ದೇನೆ.

ನಿನಗೆ ಬಂದ ಲಾಟಿನ ಸಂಖ್ಯೆ ಯಾವುದು ಎಂದು ಬರೆ.

ಅಕ್ಕ


ನವೆಂಬರ್ 13

ಅಕ್ಕಾ,

ನಿನ್ನ ಕಾಗದ ನಿನ್ನೆ ಬಂತು. ವೆಲ್ಡರ್ ಅಕ್ಟೋಬರ್ ಮೂವತ್ತೊಂದಕ್ಕೇ ಸತ್ತ. ನೀನು ‘ಗಾಡಿಗೆ ಹಾಕು’ ಎಂದು ಬರೆಯುವಾಗ ಅವನು ಮಣ್ಣಿನಲ್ಲಿದ್ದ. ಕೊನೆಗೆ ಕಣ್ಣುರೆಪ್ಪೆ ಎತ್ತಲೂ ಆಗುತ್ತಿರಲಿಲ್ಲ. ಉಸಿರು ಎಳೆಯುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ. ಬುದ್ಧಿ ಮಾತ್ರ ನೆಟ್ಟಗಿತ್ತು, ನಾವು ಆಡಿದ್ದೆಲ್ಲ ಕೇಳಿಸುತ್ತಿತ್ತು. ಕಂಪೌಂಡರ್ ಹೊಟ್ಟೆಯ ಮಾತ್ರೆಯನ್ನೇ ಕೊಡುತ್ತಿದ್ದ. ಖಾಲಿ ಬಟಾಣಿ ಡಬ್ಬಿಯೊಂದು ಅವನ ಮಂಚದ ಕೆಳಗೆ ಸಿಕ್ಕಿತು. ಎಲ್ಲಿಂದ ತಂದಿದ್ದನೋ. ಅವನ ಹೆಂಡತಿಗೆ ಜ್ವರ ಬಂದು ಹೋದ ಎಂದು ಬರೆದೆ.

ನಿನ್ನ ಕಾಗದ ಓದಿ ಉಗ್ರಾಣಕ್ಕೆ ಹೋಗಿ ಮೂರು ಡಬ್ಬಿ ತೆರೆದೆ. ಎರಡು ಸರಿ ಇದ್ದವು. ಮೂರನೆಯದು ಕತ್ತರಿ ತಾಗಿದ ಕೂಡಲೇ ಬುಸ್ ಎಂದು ನನ್ನ ಮುಖಕ್ಕೆ ಉಗುಳಿತು. ನೊರೆ, ಬೂದು ಬಣ್ಣದ ಲೋಳೆ. ಆ ನಾತವನ್ನು ಏನೆಂದು ಬರೆಯಲಿ? ಕಾಲುಚೀಲಕ್ಕೆ ಹೇಸದ ನಾನು ಬಾಗಿಲಾಚೆ ಹೋಗಿ ಕಾರಿಕೊಂಡೆ. ಬಾಗಿಲ ಮೇಲೆ ನಿನ್ನ ಸಹಿ ಇತ್ತು. ಅದರ ಮೇಲೆ ಉಗುಳಿದೆ. ಇದನ್ನು ನಿನಗೆ ಹೇಳಲೇಬೇಕು ಎಂದು ಬರೆಯುತ್ತಿದ್ದೇನೆ.

ಖರ್ಚಾದ ಐನೂರನ್ನು ತೆರೆದದ್ದು ಮೆಸ್ಸಿನ ಹುಡುಗರು; ನಾತ ಬಂದದ್ದನ್ನು ನನಗೆ ಹೇಳದೆ ಎಸೆಯುತ್ತಿದ್ದರಂತೆ, ಎಷ್ಟೆಂದು ಲೆಕ್ಕವಿಟ್ಟಿಲ್ಲ. ನಾನು ನೋಡಿದ್ದು ಮೂರರಲ್ಲಿ ಒಂದು. ಉಳಿದಿರುವುದು ಸಾವಿರದ ಒಂಬೈನೂರು. ಅಂದರೆ ಆರುನೂರಕ್ಕೂ ಹೆಚ್ಚು ಡಬ್ಬಿ ವಿಷ! ಕೆಲಸಕ್ಕೆ ರಜೆಯಿರುವ ಇಪ್ಪತ್ತೆರಡನೇ ತಾರೀಕು ಎಲ್ಲವನ್ನೂ ಕಂದಕಕ್ಕೆ ತಳ್ಳಿಸುತ್ತೇನೆ. ಕೊನೆಯ ಲಾರಿಯಲ್ಲಿ ಜನರೇಟರಿನ ಡೀಸೆಲ್ ಬಿಟ್ಟು ಬೇರೆಯದಕ್ಕೆ ಜಾಗವಿಲ್ಲ. ಅಷ್ಟರಲ್ಲಿ ದಾರಿ ಮುಚ್ಚಿರುತ್ತದೆ, ಬೇರೆ ದಿನಸಿ ಬರುವುದಿಲ್ಲ. ಅಕ್ಕಿ, ಹಿಟ್ಟು ಇದ್ದದ್ದು ಅರ್ಧ ಹೊಟ್ಟೆಗೆ ಜನವರಿವರೆಗೆ ಬಂದರೆ ಹೆಚ್ಚು. ಆಮೇಲೆ ಏನೆಂದು ಕೇಳಬೇಡ.

ಲಾಟ್ ನಲವತ್ತೇಳು. ಇದನ್ನು ಲಾರಿಯವನ ಕೈಯಲ್ಲೇ ಕಳಿಸುತ್ತಿದ್ದೇನೆ. ಹದಿನೇಳಕ್ಕೆ ಅವನು ಅಲ್ಲಿಂದ ಕೊನೆಯ ಸಲ ಮೇಲಕ್ಕೆ ಹೊರಡುತ್ತಾನೆ.


ನವೆಂಬರ್ 17

ತಮ್ಮಾ,

ಎಸೆಯಬೇಡ. ಲಾರಿಯವನನ್ನು ಬಾಗಿಲಲ್ಲಿ ನಿಲ್ಲಿಸಿ ಬರೆಯುತ್ತಿದ್ದೇನೆ.

ಅಗುಳಪ್ಪ ಐದು ನೋಡಿ ಎಲ್ಲ ಒಳ್ಳೆಯದು ಎಂದ. ನೀನು ಮೂರು ನೋಡಿ ಆರುನೂರು ವಿಷ ಎನ್ನುತ್ತೀಯ. ಇಬ್ಬರೂ ಒಂದೇ ಹಳ್ಳಕ್ಕೆ ಬಿದ್ದಿದ್ದೀರಿ. ನೂರಕ್ಕೆ ಆರೇ ಕೆಟ್ಟಿದ್ದರೂ ಮೂರು ತೆಗೆದಾಗ ಆರು ಸಲಕ್ಕೊಮ್ಮೆ ಕೆಟ್ಟದ್ದು ಸಿಗುತ್ತದೆ. ಆ ಒಂದು ಸಲ ನಿನ್ನ ಪಾಲಿಗೆ ಬಂತು. ಮೂರು ಡಬ್ಬಿಗೆ ಸಾಕ್ಷಿ ಹೇಳುವ ಯೋಗ್ಯತೆಯಿಲ್ಲ, ಐದಕ್ಕೂ ಇಲ್ಲ.

ಆರು ಎಂದು ಸುಮ್ಮನೆ ಹೇಳಿದ್ದಲ್ಲ. ನಲವತ್ತೇಳನೇ ಲಾಟಿನಲ್ಲಿ ಆರುನೂರು ಡಬ್ಬಿ ನಮ್ಮ ಗೋದಾಮಿನಲ್ಲೇ ಉಳಿದಿದ್ದವು. ನಿನ್ನೆ ನಾನೂ ನಾಲ್ವರು ಹೆಂಗಸರೂ ಮೂಲೆಮೂಲೆಯ ಪೆಟ್ಟಿಗೆಗಳಿಂದ ಮುನ್ನೂರು ತೆಗೆದು ಅಂಗಳದಲ್ಲಿ ಒಡೆದೆವು. ಹದಿನೆಂಟು ಕೆಟ್ಟಿದ್ದವು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ನೊಣ ಕಪ್ಪಾಗಿ ಕೂತಿತ್ತು. ನನ್ನ ಸೆರಗು, ಕೂದಲು, ಉಗುರಿನ ಸಂದಿ ಎಲ್ಲ ಅದೇ ನಾತ. ಅಗುಳಪ್ಪ ಕರವಸ್ತ್ರ ಮೂಗಿಗೆ ಹಿಡಿದು ಬಂದ. ಇನ್ನೇನು ಹೆದರುತ್ತಾನೆ ಎಂದುಕೊಂಡೆ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿ, “ಬರೀ ಆರು ಪರ್ಸೆಂಟ್! ಅಂದ್ರೆ ತೊಂಬತ್ತನಾಲ್ಕು ಮಾರ್ಕ್ಸು. ನಿಮ್ಮ ಮಗ ತಂದ್ರೆ ಊರಿಗೆಲ್ಲ ಸಿಹಿ ಹಂಚ್ತೀರಲ್ಲಮ್ಮಾ?” ಎಂದ. ಉಳಿದ ಮುನ್ನೂರನ್ನು ಇನ್ನೊಬ್ಬ ಗಿರಾಕಿಯ ಲಾರಿಗೆ ಹೇರಿಸಲು ಹೇಳಿದ. ಐದು ನೋಡಿದಾಗ ಸುಳ್ಳು ಹೇಳಿದ, ಮುನ್ನೂರು ನೋಡಿದ ಮೇಲೆ ನಿಜವನ್ನೇ ಪರವಾನಗಿ ಮಾಡಿಕೊಂಡ. ಥೂ.

ನೀನು ಮಾಡಬೇಕಾದದ್ದು ಇದು. ಉಳಿದಿರುವ ಸಾವಿರದ ಒಂಬೈನೂರರಲ್ಲಿ ಎಪ್ಪತ್ತರಿಂದ ನೂರೆಂಬತ್ತರವರೆಗೆ ಕೆಟ್ಟಿರಬಹುದು. ಯಾವುವು ಎಂದು ನನ್ನ ಲೆಕ್ಕ ಹೇಳುವುದಿಲ್ಲ. ಹಾಗಾಗಿ ನಿನಗೆ ಸ್ಯಾಂಪಲ್ ಬೇಡ, ಒಂದೊಂದನ್ನೂ ನೋಡು. ಎಲ್ಲವನ್ನೂ ಜನರೇಟರ್ ಕೋಣೆಯ ಬಿಸಿಯಲ್ಲಿ ಹದಿನಾಲ್ಕು ದಿನ ಇಡು. ಕೆಟ್ಟದ್ದು ಬಿಸಿಗೆ ಉಬ್ಬುತ್ತದೆ. ಉಬ್ಬಿದ್ದು, ಅಂಚು ಜಿನುಗಿದ್ದು ತೆರೆಯದೆಯೇ ಹೂಳು. ಉಳಿದದ್ದನ್ನೂ ಹತ್ತು ನಿಮಿಷ ಕೊತಕೊತ ಕುದಿಸದೆ ಯಾರ ಬಾಯಿಗೂ ಹಾಕಬೇಡ. ಮುನ್ನೂರು ಜನ ಹಸಿದು ಸಾಯಬೇಕಿಲ್ಲ.

ಉಗುಳಿದ್ದು ಸರಿಯೇ. ಆದರೆ ಯಾತಕ್ಕೆ ಉಗುಳಬೇಕಿತ್ತು ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ನಿನಗೆ ಬಂದದ್ದು ನಲವತ್ತೇಳು ಎಂದು ನನಗೆ ಅಕ್ಟೋಬರಿನಲ್ಲೇ ಗೊತ್ತಿತ್ತು. ನಿನ್ನ ಮೊದಲ ಕಾಗದ ಬಂದ ದಿನವೇ ರವಾನೆ ಪುಸ್ತಕ ತೆಗೆದು ನೋಡಿದ್ದೆ. ನೋಡಿಯೂ ನಿನಗೆ ನಗೆಯ ಕಥೆ ಬರೆದೆ. ಆಮೇಲೆ ಗೊತ್ತಿಲ್ಲದವಳಂತೆ ಸಂಖ್ಯೆ ಕೇಳಿದೆ. ನಿನ್ನ ಉತ್ತರ ಬರುವವರೆಗೆ ಏನೂ ಆಗಿಲ್ಲ ಎಂದುಕೊಂಡು ಕೂತಿರಬಹುದಿತ್ತಲ್ಲ. ನಿನ್ನೆ ಒಡೆದ ಡಬ್ಬಿಗಳನ್ನು ಅಂದೇ ಒಡೆಯಬಹುದಿತ್ತು. ಅಗುಳಪ್ಪನ ಮುಖ ಕಂಡರೆ ಹೇಸಿಗೆಯಾಗುತ್ತದೆ ಎನ್ನುತ್ತಿದ್ದೆ. ಈಗ ಕನ್ನಡಿಯ ಎದುರು ತಲೆ ಬಾಚಿಕೊಳ್ಳಲೂ ಆಗುತ್ತಿಲ್ಲ.

ಅಕ್ಕ


ಡಿಸೆಂಬರ್ 8

ಅಕ್ಕಾ,

ಹಿಮ ಸರಿಸುವ ನಾಲ್ವರು ನಡೆದೇ ಕೆಳಗಿಳಿಯುತ್ತಿದ್ದಾರೆ. ಮಾರ್ಚಿನ ಮೊದಲು ಇದೇ ಕೊನೆಯ ಕಾಗದ.

ಎಸೆಯಲಿಲ್ಲ. ಲಾರಿಯವನು ಇಪ್ಪತ್ತನೇ ತಾರೀಕು ಬಂದ, ಅವನು ವಾಪಸು ಇಳಿದ ಮೇಲೆ ದಾರಿ ಮುಚ್ಚಿತು. ಹದಿನಾಲ್ಕು ದಿನ ಜನರೇಟರ್ ಕೋಣೆಯಲ್ಲಿ ಇಟ್ಟೆ. ದಿನಕ್ಕೆ ಎರಡು ಸಲ ಒಂದೊಂದು ಡಬ್ಬಿಯ ತಲೆಯನ್ನೂ ಬೆರಳಿನಿಂದ ಒತ್ತಿ ನೋಡಿದೆ. ತೊಂಬತ್ತೇಳು ಉಬ್ಬಿದವು. ಎರಡು ಅಲ್ಲೇ ಒಡೆದವು. ಎಲ್ಲವನ್ನೂ ಹೂಳಿದೆವು. ಉಳಿದದ್ದನ್ನು ನೀನು ಹೇಳಿದಂತೆ ಕುದಿಸುತ್ತಿದ್ದೇನೆ, ಹತ್ತು ನಿಮಿಷ ಎಂದರೆ ಇಪ್ಪತ್ತು. ಬಟಾಣಿ ಗಂಜಿಯಾಗುತ್ತದೆ. ಯಾರೂ ಬೈಯುತ್ತಿಲ್ಲ. ಬೇರೆ ಯಾರಿಗೂ ಏನೂ ಆಗಿಲ್ಲ.

ನೀನು ನಿನ್ನದನ್ನು ಬರೆದೆ. ನನ್ನದು ಕೇಳು. ಡಬ್ಬಿ ಎಲ್ಲಿಂದ ತಂದಿದ್ದನೋ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ನಾನೇ ಕೊಟ್ಟೆ. ಅಕ್ಟೋಬರ್ ಇಪ್ಪತ್ತಾರನೇ ತಾರೀಕು ಬೆಳಿಗ್ಗೆ, ಅವನ ಪಾಳಿ ಮುಗಿದಿತ್ತು, ನನ್ನ ಒಲೆ ಇನ್ನೂ ಹತ್ತಿರಲಿಲ್ಲ. “ಹಸಿವು ಕಣಣ್ಣಾ” ಎಂದ. ಡಬ್ಬಿ ತೆರೆದು ಚಮಚ ಕೊಟ್ಟೆ. ಅವನು ಮೂಸಿ ನೋಡಿ, “ಯಾಕೋ ಒಂಥರಾ ಇದೆ. ಬಿಸಿ ಮಾಡ್ಕೊಡ್ತೀಯಾ?” ಎಂದ. ನನಗೆ ಒಲೆ ಹೊತ್ತಿಸಲು ಸೋಮಾರಿತನ. ಬಾಗಿಲ ಮೇಲಿನ ಕಾಗದ ತೋರಿಸಿದೆ. “ನಮ್ಮಕ್ಕ ಸಹಿ ಹಾಕಿದ್ದು, ಓದಿಲ್ವಾ? ದೋಷ ಇಲ್ಲ. ಸುಮ್ನೆ ತಿನ್ನು” ಎಂದೆ. ಅವನು ನನ್ನ ಮಾತಿಗೆ ಮರ್ಯಾದೆ ಕೊಟ್ಟು, ಡಬ್ಬಿಯನ್ನು ತನ್ನ ಮಂಚಕ್ಕೆ ಒಯ್ದು ಪೂರ್ತಿ ತಿಂದ.

ಇಪ್ಪತ್ತೆಂಟಕ್ಕೆ ನಿನಗೆ ಬರೆದ ಕಾಗದದಲ್ಲಿ ಅವನು ಕುಡಿದಿದ್ದಾನೆ ಎಂದು ಬರೆದೆ. ಆಗಲೇ ನನಗೆ ಒಳಗೆಲ್ಲೋ ಗೊತ್ತಿತ್ತು ಎನ್ನಿಸುತ್ತದೆ.

ತಮ್ಮ


ಜನವರಿ 6

ತಮ್ಮಾ,

ಇದು ಮಾರ್ಚಿನವರೆಗೆ ಕೆಳಗಿನ ಊರಿನ ಅಂಚೆ ಕಚೇರಿಯಲ್ಲಿ ಬಿದ್ದಿರುತ್ತದೆ ಎಂದು ಗೊತ್ತು. ಆದರೂ ಈಗಲೇ ಬರೆಯುತ್ತಿದ್ದೇನೆ. ಮುಂದೂಡಿದರೆ ನನಗೆ ಮತ್ತೆ ನಗೆಯ ಕಥೆಗಳು ಹೊಳೆಯಲು ಶುರುವಾಗುತ್ತವೆ.

ಏಪ್ರಿಲಿನಿಂದ ನಾನು ಸಹಿ ಹಾಕಿದ್ದು ಇಪ್ಪತ್ತೇಳು ಲಾಟಿಗೆ. ಕೊಂಡವರ ವಿಳಾಸಗಳನ್ನೆಲ್ಲ ರವಾನೆ ಪುಸ್ತಕದಿಂದ ಬರೆದುಕೊಂಡು, ಇಪ್ಪತ್ತೇಳು ಕಾಗದ ಬರೆದೆ. ‘ದೋಷ ಇಲ್ಲ ಎಂದು ಸಹಿ ಹಾಕಿದವಳು ನಾನು. ನೋಡಿದ್ದು ಐದು. ಒಂದು ಲಾಟಿನಲ್ಲಿ ಮುನ್ನೂರು ನೋಡಿದಾಗ ಹದಿನೆಂಟು ಕೆಟ್ಟಿದ್ದವು. ಒಬ್ಬರು ಸತ್ತಿದ್ದಾರೆ.’ ಇಷ್ಟೇ. ಊರಿನ ಆಹಾರ ಇಲಾಖೆಗೂ ಒಂದು ಕೊಟ್ಟೆ. ಅವರು ಬಂದು ಗೋದಾಮಿಗೆ ಬೀಗ ಹಾಕಿದರು. ಅಗುಳಪ್ಪ ನನ್ನನ್ನು ಹೊರಗೆ ಹಾಕಿದ. ಹೋಗುವಾಗ ಅವನ ಹಲ್ಲುಕಡ್ಡಿಗಳು ನನ್ನ ಮೇಜಿನ ಮೇಲೇ ಇದ್ದವು, ಗುಡಿಸಿ ಅವನ ಕುರ್ಚಿಯ ಮೇಲೆ ಸುರಿದು ಬಂದೆ. ಅಷ್ಟು ಸಣ್ಣತನ ನನಗೂ ಇದೆ.

ಇಪ್ಪತ್ತೇಳರಲ್ಲಿ ನಾಲ್ಕು ಜನ ಉತ್ತರ ಬರೆದರು. ಇಬ್ಬರು ಡಬ್ಬಿಗಳನ್ನು ಹೂಳಿದ್ದಾರೆ. ಒಬ್ಬ ನನ್ನ ಮೇಲೆ ಕೇಸು ಹಾಕುತ್ತಾನಂತೆ, ಹಾಕಲಿ. ಇನ್ನೊಬ್ಬ, ದೊಡ್ಡ ಅಂಗಡಿಯವನು, ‘ನೂರಕ್ಕೆ ಆರು ಕೆಟ್ಟಿದ್ದರೆ ಬೆಲೆಯಲ್ಲಿ ಆರು ಪರ್ಸೆಂಟ್ ಬಿಡುತ್ತೀರಾ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎಂದು ಕೇಳಿದ್ದಾನೆ. ಆ ಕಾಗದವನ್ನು ಓದಿ ಕೈ ತೊಳೆದುಕೊಂಡೆ. ಆಮೇಲೆ ಅದನ್ನೂ ಇಲಾಖೆಗೆ ಕೊಟ್ಟೆ.

ನಿನ್ನ ಕಾಗದ ಬಂದ ಮಾರನೇ ದಿನ ಸುರಂಗದವರ ಆಫೀಸಿಗೆ ಹೋಗಿ ವೆಲ್ಡರನ ಮನೆಯ ವಿಳಾಸ ಕೇಳಿ ತಂದೆ. ಅವನ ಹೆಂಡತಿಗೆ ಜ್ವರವಲ್ಲ, ಡಬ್ಬಿ ಎಂದು ಬರೆದೆ. ಆ ಡಬ್ಬಿಗೆ ಸಹಿ ಹಾಕಿದವಳು ನಾನು ಎಂದೂ ಬರೆದೆ. ಕೊಟ್ಟವರು ಯಾರು ಎಂದು ಬರೆಯಲಿಲ್ಲ. ನೀನು ನನ್ನ ತಮ್ಮ ಎಂದಲ್ಲ. ನಿನ್ನ ಬದಲು ಇನ್ನೊಂದು ಸಹಿ ಹಾಕುವುದು ಬೇಡ ಎಂದು.

ಅವಳ ಉತ್ತರ ನಿನ್ನೆ ಬಂತು. ಬೈಗುಳವಿಲ್ಲ, ಶಾಪವಿಲ್ಲ. ಒಂದೇ ಪ್ರಶ್ನೆ ಕೇಳಿದ್ದಾಳೆ: ‘ಅವರು ಮನೆಯಲ್ಲಿ ಏನನ್ನೇ ಆದರೂ ಮೂಸಿ ನೋಡದೆ ತಿಂದವರಲ್ಲ. ಅದನ್ನು ಹೇಗೆ ತಿಂದರು?’

ಅವಳಿಗೆ ನಾನು ಉತ್ತರ ಬರೆದಿಲ್ಲ. ವಿಳಾಸ ಈ ಹಾಳೆಯ ಹಿಂಬದಿಯಲ್ಲಿದೆ. ಅವಳು ಕಾಯುತ್ತಿದ್ದಾಳೆ.

ಅಕ್ಕ